ಕಡೇ ಗುಡ್ಡೆ

ಮೊನ್ನೆ ಟಿವಿ ನೋಡುತ್ತಾ ಸೀರೆಗೆ ಇಸ್ತ್ರಿ ಹಾಕುತ್ತಿದ್ದೆ. ಟೈ ಕಟ್ಟಿದ ಹುಡುಗನೊಬ್ಬ ಯಾವುದೋ ಸೋಲಾರ್ ಕಂಪನಿಯ ಷೇರಿನ ಭವಿಷ್ಯ ಹೇಳುತ್ತಿದ್ದ. ಈಗ ತಗೊಳ್ಳಿ, ಎರಡು ಮೂರು ವರ್ಷ ಮುಟ್ಟಬೇಡಿ, ಚೆನ್ನಾಗಿ ಬೆಳೆಯುತ್ತೆ ಅಂತ. ಈ ಮಾತನ್ನು ಹಿಂದೆ ಎಲ್ಲೋ ಕೇಳಿದ್ದೀನಲ್ಲ ಎಂದು ಕೈ ನಿಂತಿತು. ಇಸ್ತ್ರಿಪೆಟ್ಟಿಗೆಯೂ ಸೆರಗಿನ ಮೇಲೇ ನಿಂತಿತು. ಹತ್ತಿ ಬಟ್ಟೆ ಸೀದ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆ ಮಾವ ನೆನಪಾದರು...

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಕೆರಗೋಡಿನ ಆಚೆಯ ಹಳ್ಳಿಗೆ ನಾನು ಸೊಸೆಯಾಗಿ ಬಂದು ಹೆಚ್ಚು ದಿನ ಆಗಿರಲಿಲ್ಲ. ಮಾವ ನಮಗೆ ರಕ್ತಸಂಬಂಧವೇನಲ್ಲ. ಗೋಡೆಯಾಚೆ ಮನೆ, ನಮ್ಮ ಮಾವನವರ ವಾರಿಗೆ, ಹಾಗಾಗಿ ಮಾವ. ಊರಿಗೆ ಗುಡ್ಡೆ ಬಾಡು ಹಾಕುತ್ತಿದ್ದವರು ಅವರೇ. ಹತ್ತಾರು ಮನೆಯವರು ದುಡ್ಡು ಸೇರಿಸಿ ಮಳವಳ್ಳಿ ಸಂತೆಯಿಂದ ಕುರಿ ತರೋದು, ಕಡಿದು ಮನೆಗೊಂದು ಗುಡ್ಡೆ ಮಾಡೋದು. ಕೇಳಲು ಸಲೀಸು. ಒಂದು ಗುಡ್ಡೆಗೆ ಈಲಿ, ಲಿವರ್ ಅಂತಾರಲ್ಲ ಅದು, ಹೆಚ್ಚು ಬಿದ್ದು ಇನ್ನೊಂದಕ್ಕೆ ಬರೀ ಮೂಳೆ ಬಿದ್ದರೆ ಒಡಹುಟ್ಟಿದವರೇ ತಲೆ ಒಡೆದುಕೊಳ್ಳುತ್ತಿದ್ದ ಊರು ಅದು. ಮಾವ ಹಾಕಿದ ಗುಡ್ಡೆಗೆ ಮಾತ್ರ ಯಾರೂ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಗುಡ್ಡೆ ಹಾಕಿದವನು ಎಲ್ಲರೂ ಎತ್ತಿಕೊಂಡ ಮೇಲೆ ಉಳಿದದ್ದನ್ನು ತಗೊಳ್ಳಬೇಕು, ಅದು ಕಟ್ಟಳೆ. ಮಾವ ಅದನ್ನು ಒಂದು ಸಲವೂ ತಪ್ಪಿದವರಲ್ಲ.

ಸೀಮೆಎಣ್ಣೆಗೆ ಸಾಲು ನಿಲ್ಲುತ್ತಿದ್ದ ಕಾಲದಲ್ಲಿ ಬೆಂಗಳೂರಿನಿಂದ ಕಂಪನಿಯವನೊಬ್ಬ ಜೀಪಿನಲ್ಲಿ ಬಂದ. ಜೊತೆಗೆ ಬಾಣಲೆಯಂಥ ದೊಡ್ಡ ಕಬ್ಬಿಣದ ತಟ್ಟೆ, ಒಳಗೆಲ್ಲ ಕನ್ನಡಿ ಅಂಟಿಸಿದ್ದು. ನಮ್ಮ ಮನೆ ಮುಂದಿನ ಹುಣಸೆಮರದ ಬಯಲಿನಲ್ಲಿ ಅದನ್ನು ಬಿಸಿಲಿಗೆ ತಿರುಗಿಸಿಟ್ಟು, ಮಾವನ ಹೆಗಲ ಮೇಲಿದ್ದ ಟವಲನ್ನೇ ಈಸಿಕೊಂಡು ಅದರೆದುರು ಹಿಡಿದ. ನೋಡುತ್ತಿದ್ದಂತೆ ಹೊಗೆ ಎದ್ದು ಟವಲಿಗೆ ತೂತು ಬಿತ್ತು. ಜನ ಹೋ ಎಂದರು. ಮುಂದೆ ಆಲೆಮನೆಯಲ್ಲಿ ಬೆಲ್ಲವನ್ನೂ ಬಿಸಿಲಲ್ಲೇ ಕಾಯಿಸಬಹುದು, ಸೀಮೆಎಣ್ಣೆ ದರ ಏರುತ್ತಲೇ ಹೋಗುತ್ತೆ, ಸೂರ್ಯ ದರ ಏರಿಸಲ್ಲ, ಈಗ ಷೇರು ತಗೊಂಡವರಿಗೆ ಎರಡು ಮೂರು ವರ್ಷದಲ್ಲಿ ಒಳ್ಳೇ ಲಾಭ ಎಂದ. ಜನ ಮಾವನ ಮುಖ ನೋಡಿದರು. ಪಾಲಿನ ವಿಷಯ ಅಂದಮೇಲೆ ಅವರೇ ಹೇಳಬೇಕಲ್ಲ.

ಮಾವ ಕೇಳಿದ್ದು ಒಂದೇ ಮಾತು. "ನಿಮ್ ಪಾಲ ಯಾವಾಗ ತಕತೀರಿ ಸ್ವಾಮಿ?"

"ನಮ್ಮದು ಕೊನೇಗೆ ಯಜಮಾನ್ರೆ. ಮೊದಲು ನಿಮ್ಮದು," ಎಂದ ಕಂಪನಿಯವನು.

ಮಾವನಿಗೆ ಅಷ್ಟು ಸಾಕಾಯಿತು. ಸಾಕಿದ್ದ ಟಗರುಗಳನ್ನು ಮಾರಿ ದುಡ್ಡು ಹಾಕಿದರು. ಅವರನ್ನು ನೋಡಿ ಊರು ಹಾಕಿತು. ಹಿಟ್ಟಿನ ಮಿಲ್ಲಿನವನು ಎಲ್ಲರಿಗಿಂತ ಹೆಚ್ಚು ಹಾಕಿದ. ನಾನೂ ಹಾಲು ಮಾರಿ ಉಳಿಸಿದ್ದನ್ನು ಗೋಡೆ ಮೇಲಿಂದ ಅವರ ಕೈಗಿಟ್ಟೆ. "ಬಿಸ್ಲು ಎಲ್ಗೂ ಓಡೋಗಲ್ಲ ಕಣಮ್ಮ" ಅಂದರು.

ಬಿಸಿಲು ಓಡಿಹೋಗಲಿಲ್ಲ, ಕಂಪನಿಯವನು ಓಡಿಹೋದ. ಕಾದು ಕಾದು ಕೊನೆಗೆ ಮಿಲ್ಲಿನವನು ಬೆಂಗಳೂರಿಗೇ ಹೋಗಿ ನೋಡಿಬಂದ. ಕಂಪನಿಯ ಷೆಡ್ಡಿಗೆ ಬೀಗ, ಒಳಗೆ ಒಂದು ಮೊಳೆಯೂ ಇಲ್ಲ. ಎಲ್ಲರಿಗಿಂತ ಮೊದಲು ತನ್ನ ಪಾಲು ಎತ್ತಿಕೊಂಡಿದ್ದ ಆ ಪುಣ್ಯಾತ್ಮ. ಯುಗಾದಿಯ ಹಿಂದಿನ ದಿನ ಈ ಸುದ್ದಿ ಊರಿಗೆ ಬಂತು.

ಯುಗಾದಿಯ ಮಾರನೇ ದಿನ ಹೊಸತೊಡಕು. ನಮ್ಮ ಕಡೆ ಅವತ್ತು ಬಾಡು ಬೇಯದ ಒಲೆಯಿಲ್ಲ. ಮಾವ ಹುಣಸೆಮರದ ಕೆಳಗೆ ಮುತ್ತುಗದ ಎಲೆ ಹಾಸಿ ಗುಡ್ಡೆ ಹಾಕಿ ಮುಗಿಸಿದ್ದರು. ನಾನು ಜಗಲಿಯಲ್ಲಿ ನಿಂತಿದ್ದೆ. ಮಿಲ್ಲಿನವನು ಹಾರೆ ಹಿಡಿದು ಬಂದವನೇ, ಕಂಪನಿಯವನು ಬಯಲಿನಲ್ಲೇ ಬಿಟ್ಟುಹೋಗಿದ್ದ ಕನ್ನಡಿ ತಟ್ಟೆಗೆ ಬೀಸಿದ. ಚೂರು ಸಿಡಿದು ಒಬ್ಬನ ಕೆನ್ನೆ ಸೀಳಿತು. ರಕ್ತ ಕಂಡದ್ದೇ ಉಳಿದವರಿಗೂ ನೆತ್ತಿಗೇರಿ ಮಾವನ ಮೇಲೆ ಬಿದ್ದರು. ಕೈಯಲ್ಲಿ, ಕಾಲಲ್ಲಿ, ಸೌದೆ ತುಂಡಿನಲ್ಲಿ. ಹಲ್ಲು ಮುರಿದು ಬಾಯಿಂದ ರಕ್ತ ಇಳಿಯುತ್ತಿತ್ತು. ಹೊಡೆದವರೆಲ್ಲ ಅವರು ಹಾಕಿದ ಗುಡ್ಡೆ ತಿಂದು ಮೈ ಬೆಳೆಸಿಕೊಂಡ ಗಂಡಸರು. ಮಾವನ ಕೈಯಲ್ಲಿ ಮಚ್ಚಿತ್ತು. ಒಮ್ಮೆ ಎತ್ತಿದ್ದರೂ ಬಯಲು ಖಾಲಿಯಾಗುತ್ತಿತ್ತು. ಅವರು ಅದನ್ನು ಬಾಡು ಕಡಿಯುವ ಕೊರಡಿಗೆ ನಾಟಿಸಿ ಒದೆ ತಿಂದರು. ತನ್ನ ಮಾತು ನಂಬಿ ಕೆಟ್ಟರು, ಹೊಡೆಯಲಿ ಅಂದುಕೊಂಡರೋ ಏನೋ...

ಹೊಡೆದವರಿಗೆ ಸುಸ್ತಾದ ಮೇಲೆ ಎದ್ದು ಕೂತು ಬಾಯಿ ಒರೆಸಿಕೊಂಡರು. "ಗುಡ್ಡೆ ತಕಳ್ರಪ್ಪ, ನೊಣ ಕೂತ್ಕತವೆ."

ಮಾನಗೆಟ್ಟವರು ತಗೊಂಡರು. ಒಬ್ಬೊಬ್ಬರಾಗಿ ಬಂದು, ತಲೆ ಎತ್ತದೆ ತಗೊಂಡರು. ಕೊನೆಗೆ ಒಂದು ಉಳಿಯಿತು. ಮಾವ ಅದಕ್ಕೆ ಕೈ ಚಾಚುವಷ್ಟರಲ್ಲಿ ಮಿಲ್ಲಿನವನು ಬಗ್ಗಿ ಎಲೆ ಸಮೇತ ಅದನ್ನೂ ತನ್ನ ಕುಕ್ಕೆಗೆ ಸುರಿದುಕೊಂಡ.

"ನಿಂಗ್ಯಾಕ್ಲಾ ಪಾಲು? ನನ್ ನಷ್ಟಕ್ಕೆ ವಜಾ ಆಯ್ತು ಬುಡು."

ಮಚ್ಚು ಕೊರಡಿನಿಂದ ಯಾವಾಗ ಕಿತ್ತರೋ ನಾನು ಕಾಣೆ. ಕುಕ್ಕೆ ಹಿಡಿದಿದ್ದ ಕೈ ಮಣಿಕಟ್ಟಿನ ಹತ್ತಿರ ತುಂಡಾಗಿ, ಬಾಡಿನ ಜೊತೆಗೇ ಮಣ್ಣಿಗೆ ಬಿತ್ತು. ಮಿಲ್ಲಿನವನು ಕೂಗಿದ ಕೂಗಿಗೆ ಗಂಡಸರೆಲ್ಲ ದಿಕ್ಕಾಪಾಲಾದರು. ಮಾವ ಓಡಲಿಲ್ಲ. ಪೊಲೀಸರು ಬರುವತನಕ ಆ ಕೊರಡಿನ ಮೇಲೇ ಕೂತಿದ್ದರು.

ಮಂಡ್ಯದ ಕೋರ್ಟಿನಲ್ಲಿ ವಕೀಲರು ಅವರನ್ನು ಉಳಿಸಲು ನೋಡಿದರು. ಗುಂಪು ಕಟ್ಟಿ ಹೊಡೆದರು, ಜೀವಭಯಕ್ಕೆ ಬೀಸಿದೆ ಅನ್ನಿ ಎಂದು ಹೇಳಿಕೊಟ್ಟಿದ್ದರಂತೆ. ಮಾವ ಜಡ್ಜಿನ ಮುಂದೆ ನಿಂತು, "ಒದ್ದಿದ್ಕಲ್ಲ ಸ್ವಾಮಿ. ದುಡ್ ಓಗಿತ್ತು, ಒದ್ರು, ಅದು ಸರಿ. ಕಡೇ ಗುಡ್ಡೆ ನಂದು" ಎಂದರಂತೆ. ಶಿಕ್ಷೆ ಮುಗಿಯುವ ಮುಂಚೆ ಜೈಲಿನಲ್ಲೇ ತೀರಿಕೊಂಡರು. ಕಂಪನಿಯವನು ಕೊನೆಗೂ ಸಿಗಲಿಲ್ಲ.

ಸೀರೆ ಹಾಳಾಯಿತು. ಟಿವಿ ಆರಿಸಿದೆ. ಈಗ ಆ ಊರಿನ ತಾರಸಿಗಳ ಮೇಲೆಲ್ಲ ಸೋಲಾರಿನಲ್ಲಿ ನೀರು ಕಾಯುತ್ತದೆ, ಮಿಲ್ಲಿನವನ ಮಕ್ಕಳ ಮನೆಯ ಮೇಲೂ. ಬಿಸಿಲಿನ ವಿಷಯದಲ್ಲಿ ಮಾವ ತಪ್ಪಿರಲಿಲ್ಲ. ಬೆಂಗಳೂರಿನವನೂ ತಮ್ಮ ಹಾಗೇ ಮನುಷ್ಯ ಅಂದುಕೊಂಡರು, ಅಲ್ಲಿ ಕೆಟ್ಟರು. ಹೊಡೆದವರಲ್ಲಿ ಇಬ್ಬರೋ ಮೂವರೋ ಇನ್ನೂ ಇದ್ದಾರೆ. ಮದುವೆ ಮನೆಗಳಲ್ಲಿ ಎದುರಾದರೆ ಮಾತಾಡಿಸಲು ಬರುತ್ತಾರೆ. ನನಗೆ ಸಿಟ್ಟು ಇಳಿದಿಲ್ಲ, ಮುಖ ತಿರುಗಿಸಿಕೊಳ್ಳುತ್ತೇನೆ. ಅವತ್ತು ಆ ಬಾಡನ್ನು ನಾಯಿ ಎಳೆದಾಡಿದವು. ಅದೊಂದು ಹಿಡಿ ಬಾಡನ್ನು ಮಾವನಿಗೆ ಬಿಟ್ಟಿದ್ದರೆ, ಅವರು ತಮ್ಮ ಮನೆಯಲ್ಲಿ ಸಾಯುತ್ತಿದ್ದರು.