ಗ್ಯಾಸ್ ಮುಚ್ಚಿದ ಮೇಲೂ ಕೂಗಿದ ಅಲಾರಂ

೧೯೯೯ನೆಯ ಇಸವಿಯಲ್ಲಿ ನಾನು ನ್ಯೂಜೆರ್ಸಿಯ ಒಂದು ಸಣ್ಣ ಹೀಟಿಂಗ್ ಮತ್ತು ಕೂಲಿಂಗ್ ಸಂಸ್ಥೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರ್ ಆಗಿದ್ದೆ. ನಮ್ಮ ಕನ್ನಡಿಗರಲ್ಲಿ ಹೆಚ್ಚಿನವರು ಆಗ ವೈಟುಕೆ ಕೆಲಸದಲ್ಲಿ ಮುಳುಗಿದ್ದರು. ಹೊಸ ಸಹಸ್ರಮಾನ ಹುಟ್ಟುವ ಕ್ಷಣದಲ್ಲಿ ಜಗತ್ತಿನ ಕಂಪ್ಯೂಟರುಗಳು ದಿಕ್ಕೆಡದಂತೆ ಕಾಯುವ ಹೊಣೆ ಅವರದು. ಹಬ್ಬದೂಟದ ಪಂಕ್ತಿಯಲ್ಲಿ ಯಾರಾದರೂ ನನ್ನ ಉದ್ಯೋಗ ಕೇಳಿದಾಗ, 'ಮನೆಗಳಿಗೆ ಫರ್ನೇಸ್ ಕೂರಿಸುತ್ತೇನೆ' ಎಂದರೆ ಎದುರಿನವರ ಮುಖದಲ್ಲಿ ಕನಿಕರ ಮೂಡುತ್ತಿತ್ತು. 'ಸಾಫ್ಟ್‌ವೇರ್‌ಗೆ ಬಂದ್ಬಿಡಿ, ಆರು ವಾರದ ಕೋರ್ಸ್ ಅಷ್ಟೇ' ಎಂದು ಸಲಹೆ ಕೊಟ್ಟವರಿಗೆ ಲೆಕ್ಕವಿಲ್ಲ. ಮನುಷ್ಯ ಉಸಿರಾಡುವ ಗಾಳಿಯನ್ನು ಸುರಕ್ಷಿತವಾಗಿಡುವುದು ಸಾರ್ವಜನಿಕ ಸೇವೆಯೆಂದು ನಾನು ನಂಬಿದ್ದೆ, ಈಗಲೂ ನಂಬಿದ್ದೇನೆ. ಆ ನಂಬಿಕೆಯನ್ನು ಪರೀಕ್ಷೆಗೊಡ್ಡಿದ ಒಂದು ಪ್ರಕರಣವನ್ನು ಇಲ್ಲಿ ಹೇಳುತ್ತೇನೆ.

ಮೆಟುಚೆನ್‌ನಲ್ಲಿ ಒಂದಂತಸ್ತಿನ ಹಳೆಯ ಮನೆಯೊಂದನ್ನು ಬಾಗಲಕೋಟೆ ಕಡೆಯ ಮಹಾಂತೇಶ ಎಂಬವರು ಕೊಂಡಿದ್ದರು. ಅವರು ಜರ್ಸಿ ಸಿಟಿಯ ಬ್ಯಾಂಕೊಂದರ ಕಚೇರಿಗೆ ದಿನವೂ ರೈಲಿನಲ್ಲಿ ಹೋಗಿಬರುವವರು. ಪತ್ನಿ ಶೈಲಾ ಆಗ ತುಂಬು ಗರ್ಭಿಣಿ. ಮನೆಯನ್ನು ಬೆಚ್ಚಗಿಡುವ ಹಳೆಯ ಫರ್ನೇಸ್ ಕೈಕೊಟ್ಟಿತ್ತು, ಹೊಸದನ್ನು ಇಡಲು ನೆಲಮಾಳಿಗೆ ಇರಲಿಲ್ಲ. ಆದ್ದರಿಂದ ನಾವು 'ಪ್ಯಾಕೇಜ್ ಯೂನಿಟ್' ಸೂಚಿಸಿದೆವು. ಇದು ಮನೆಯ ಹೊರಗೆ, ಕಾಂಕ್ರೀಟ್ ಹಾಸಿನ ಮೇಲೆ ಕೂರುವ ಒಂದೇ ಪೆಟ್ಟಿಗೆ. ಚಳಿಗಾಲದಲ್ಲಿ ಅದರೊಳಗೆ ಗ್ಯಾಸ್ ಉರಿದು ಮನೆಯನ್ನು ಬೆಚ್ಚಗಾಗಿಸುತ್ತದೆ. ಬೇಸಿಗೆಯಲ್ಲಿ ಅದೇ ಪೆಟ್ಟಿಗೆಯ ಕಂಪ್ರೆಸರ್ ವಿದ್ಯುತ್ತಿನಿಂದ ಓಡಿ ತಂಪು ಕೊಡುತ್ತದೆ. ಮನೆಗೂ ಅದಕ್ಕೂ ಎರಡು ಡಕ್ಟ್‌ಗಳ, ಅಂದರೆ ಗಾಳಿ ಸಾಗುವ ಕೊಳವೆಗಳ, ಸಂಬಂಧ. ರಿಟರ್ನ್ ಡಕ್ಟ್ ಕೋಣೆಗಳ ಗಾಳಿಯನ್ನು ಎಳೆದುಕೊಂಡು ಬರುತ್ತದೆ, ಸಪ್ಲೈ ಡಕ್ಟ್ ಅದನ್ನು ಕಾಯಿಸಿಯೋ ತಂಪಾಗಿಸಿಯೋ ಮರಳಿ ಹಂಚುತ್ತದೆ.

ಯೂನಿಟ್ಟನ್ನು ಎಲ್ಲಿ ಕೂರಿಸಬೇಕೆಂಬುದರಲ್ಲೇ ಮೊದಲ ಚರ್ಚೆ ಎದ್ದಿತು. ಬೆಂಕಿಯ ಯಂತ್ರ ಆಗ್ನೇಯ ಮೂಲೆಯಲ್ಲಿರಬೇಕೆಂಬುದು ಮಹಾಂತೇಶರ ಅಪೇಕ್ಷೆ. ಆದರೆ ಆ ಮೂಲೆಯಲ್ಲಿ ಮಲಗುವ ಕೋಣೆಯ ಕಿಟಕಿಯಿತ್ತು. ಯೂನಿಟ್ಟಿನ ಹೊಗೆಕಿಂಡಿಗೂ ತೆರೆಯುವ ಕಿಟಕಿಗೂ ನಡುವೆ ಕನಿಷ್ಠ ನಾಲ್ಕು ಅಡಿ ಅಂತರ ಬೇಕು. ಅಲ್ಲಿ ಎರಡಡಿಯೂ ಸಿಗುತ್ತಿರಲಿಲ್ಲ. ವಾದಿಸಿ ಒಪ್ಪಿಸಿ ವಾಯುವ್ಯಕ್ಕೆ ಒಯ್ದೆವು. ನನ್ನ ಜೊತೆಗಾರ ಫ್ರಾಂಕ್ ಇಪ್ಪತ್ತು ವರ್ಷಗಳ ಅನುಭವಿ. ಹಾಸನ್ನು ಮಟ್ಟ ಮಾಡಿ, ಗ್ಯಾಸ್ ಕೊಳವೆಗೆ ಗಾಳಿ ತುಂಬಿ ಒತ್ತಡ ಇಳಿಯುವುದಿಲ್ಲವೆಂದು ಖಚಿತಪಡಿಸಿಕೊಂಡು, ಪ್ರತಿ ಕೀಲಿಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುವುದಿಲ್ಲವೆಂದು ನೋಡಿ, ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲೇ ವಿದ್ಯುತ್ ಕಡಿತದ ಸ್ವಿಚ್ ಅಳವಡಿಸಿ ಯಂತ್ರ ಹೊತ್ತಿಸಿದೆವು. ಊರಿನ ಇನ್‌ಸ್ಪೆಕ್ಟರ್ ಬಂದು ನೋಡಿ ಒಪ್ಪಿಗೆ ಕೊಟ್ಟರು. ಅಕ್ಟೋಬರ್, ನವೆಂಬರ್ ಎರಡೂ ತಿಂಗಳು ಯಾವ ತಕರಾರೂ ಬರಲಿಲ್ಲ.

ಡಿಸೆಂಬರಿನ ಒಂದು ಮಧ್ಯಾಹ್ನ ಮಹಾಂತೇಶರ ಫೋನ್ ಬಂತು. ಮಗು ಹುಟ್ಟಿ ಮೂರನೆಯ ವಾರ. ಹಜಾರದ ಗೋಡೆಯಲ್ಲಿದ್ದ ಕಾರ್ಬನ್ ಮೊನಾಕ್ಸೈಡ್ ಅಲಾರಂ ಬೆಳಿಗ್ಗೆ ಕೂಗಿಕೊಂಡಿತ್ತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೆಂಕಿ ಅರೆಬರೆ ಉರಿದಲ್ಲೆಲ್ಲ ಹುಟ್ಟಿ, ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಆಕ್ರಮಿಸುತ್ತದೆ. ಗ್ಯಾಸ್ ಕಂಪನಿಯವನು ಬಂದು ಹಜಾರದ ಸಪ್ಲೈ ಕಿಂಡಿಗೆ ಮೀಟರ್ ಹಿಡಿದಾಗ ಮೂವತ್ತು ಪಿಪಿಎಂ ತೋರಿಸಿತ್ತು. ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಮೂವತ್ತು ಪಾಲು ವಿಷ. ಇರಬೇಕಾದದ್ದು ಸೊನ್ನೆ. 'ಮನೆಯಲ್ಲಿ ಬೇರೆ ಏನಾದರೂ ಉರಿಯುತ್ತಿದೆಯೇ? ಫೈರ್‌ಪ್ಲೇಸ್? ಗರಾಜಿನಲ್ಲಿ ಕಾರು?' ಎಂದು ಅವನು ಕೇಳಿದ್ದ. ಇಲ್ಲವೆಂದು ಮಹಾಂತೇಶರು ಪ್ರಾಮಾಣಿಕವಾಗಿಯೇ ಹೇಳಿದ್ದರು. ಅವನು ಯೂನಿಟ್ಟಿನ ಗ್ಯಾಸ್ ಮುಚ್ಚಿ, ಕವಾಟಕ್ಕೆ ಕೆಂಪು ಚೀಟಿ ಕಟ್ಟಿ ಹೋಗಿದ್ದ. ದೋಷ ಕಂಡುಹಿಡಿದು ಸರಿಪಡಿಸುವವರೆಗೆ, ದುರಸ್ತಿಯವರ ಪರೀಕ್ಷೆಗಲ್ಲದೆ, ಯಾರೂ ಅದನ್ನು ಹೊತ್ತಿಸುವಂತಿಲ್ಲ. ಹೊರಗೆ ಶೀತಗಾಳಿಯ ಮುನ್ಸೂಚನೆ, ಒಳಗೆ ಹಸುಗೂಸು.

ನಾವು ಹೋದಾಗ ಮಹಾಂತೇಶರು ಬಾಗಿಲಲ್ಲೇ ನಿಂತಿದ್ದರು.

"ನೋಡ್ರಿ ಮೇಡಂ, ನಾ ಮೊದಲ ಹೇಳಿದ್ನೆಲ್ರೀ, ಆಗ್ನೇಯದಾಗ ಇಡ್ರಿ ಅಂತ. ಬೆಂಕಿ ತಗೊಂಡು ಹೋಗಿ ವಾಯುವ್ಯಕ್ಕ ಕುಂದ್ರಿಸಿದ್ರಿ. ಈಗ ಗಾಳಿಯಾಗ ವಿಷ ಬಂತು!"

"ಮಹಾಂತೇಶ್ ಅವರೇ, ಆಗ್ನೇಯದಲ್ಲಿಟ್ಟಿದ್ದರೆ ಹೊಗೆ ನೇರ ಬಾಣಂತಿ ಕೋಣೆ ಕಿಟಕಿಗೇ ಹೋಗ್ತಿತ್ತು."

"ವಾದದಾಗ ನಿಮ್ಮನ್ನ ಗೆಲ್ಲಾಕ ಆಗೂದಿಲ್ರೀ. ಆದ್ರ ಅಲಾರಂ ಒದರೂದು ವಾದ ಅಲ್ಲಲ್ರೀ."

ಕಾಲೇಜಿನ ಚರ್ಚಾಸ್ಪರ್ಧೆಗೆ ನಮ್ಮನ್ನು ಸಿದ್ಧಪಡಿಸುತ್ತಿದ್ದ ಅಧ್ಯಾಪಕರು, ಎದುರು ಪಕ್ಷದ ವಾದವನ್ನು ಮೊದಲು ನೀವೇ ಅದರ ಅತ್ಯಂತ ಬಲವಾದ ರೂಪದಲ್ಲಿ ಮಂಡಿಸಿ ನೋಡಿ ಎನ್ನುತ್ತಿದ್ದರು. ಹಾಗೆಯೇ ಮಾಡಿದೆ. ನಮ್ಮ ಯಂತ್ರವೇ ಅಪರಾಧಿ ಎಂದಿಟ್ಟುಕೊಳ್ಳೋಣ. ಆಗ ವಿಷ ಬರುವ ದಾರಿ ಯಾವುದು? ಹೀಟ್ ಎಕ್ಸ್‌ಚೇಂಜರ್ ಬಿರುಕು ಬಿಟ್ಟಿರಬೇಕು. ಜ್ವಾಲೆ ಒಳಗೆ, ಮನೆಯ ಗಾಳಿ ಹೊರಗೆ ಇರುವಂತೆ ಎರಡನ್ನೂ ಬೇರ್ಪಡಿಸುವ ಲೋಹದ ಗೋಡೆ ಅದು. ಸಪ್ಲೈ ಕಿಂಡಿಯಿಂದಲೇ ವಿಷ ಬಂದಿರುವುದರಿಂದ ಈ ವಾದ ಸಾಕಷ್ಟು ಗಟ್ಟಿಯಾಗಿತ್ತು.

ಪರೀಕ್ಷೆಗಾಗಿ ಯಂತ್ರ ಹೊತ್ತಿಸಿದೆವು. ಬಿರುಕಿದ್ದರೆ ಫ್ಯಾನ್ ತಿರುಗಲಾರಂಭಿಸಿದ ಕೂಡಲೇ ಗಾಳಿ ಒಳನುಗ್ಗಿ ಜ್ವಾಲೆ ಹೊಯ್ದಾಡುತ್ತದೆ. ಫ್ರಾಂಕ್ ಮಂಡಿಯೂರಿ ಬರ್ನರಿನತ್ತಲೇ ನೋಡುತ್ತಿದ್ದ. ಫ್ಯಾನ್ ತಿರುಗಿತು, ನೀಲಿ ಜ್ವಾಲೆ ಕದಲಲಿಲ್ಲ. ಕನ್ನಡಿ, ಟಾರ್ಚ್ ಹಿಡಿದು ಲೋಹದ ಒಂದೊಂದು ತಿರುವನ್ನೂ ನೋಡಿದ. ಕಿಂಡಿಗಳಲ್ಲಿ ನಮ್ಮ ಮೀಟರ್ ಸೊನ್ನೆ ತೋರಿಸಿತು.

"ಎರಡೇ ತಿಂಗಳಿಗೆ ಬಿರುಕು ಬಿಡಲು ಇದೇನು ನನ್ನ ಎರಡನೆಯ ಮದುವೆಯೇ?" ಎಂದು ಫ್ರಾಂಕ್ ಎದ್ದ. "ಅಲಾರಮ್ಮೇ ಕೆಟ್ಟಿದೆ. ಹೊಸದು ಹಾಕು, ಬರೆದುಕೊಟ್ಟು ಹೋಗೋಣ."

"ಅಲಾರಂ ಕೆಟ್ಟಿರಬಹುದು. ಗ್ಯಾಸ್ ಕಂಪನಿಯವನ ಮೀಟರೂ ಅದೇ ದಿನ, ಅದೇ ಹೊತ್ತಿಗೆ ಕೆಟ್ಟಿತೇ?"

ಎರಡು ಬೇರೆ ಬೇರೆ ಉಪಕರಣಗಳು ಬೆಳಿಗ್ಗೆ ಕಂಡದ್ದನ್ನು ಮಧ್ಯಾಹ್ನ ನಮ್ಮ ಮೀಟರ್ ಕಾಣಲಿಲ್ಲ. ಹಾಗಾದರೆ ಬೆಳಿಗ್ಗೆ ಇದ್ದು ಮಧ್ಯಾಹ್ನಕ್ಕೆ ಇಲ್ಲವಾದದ್ದು ಏನು? ಈ ಪ್ರಶ್ನೆ ನನ್ನನ್ನು ಬಿಡಲೊಲ್ಲದಾಯಿತು. ಯಂತ್ರ ನಿರ್ದೋಷಿ ಎಂದು ಬರೆದುಕೊಡಲು ನಾನು ಒಪ್ಪಲಿಲ್ಲ. ಹೊಸ ಅಲಾರಂ ಹಾಕಿ, ಗ್ಯಾಸನ್ನು ಮತ್ತೆ ಮುಚ್ಚಿ, ಕೋಣೆಗೊಂದು ಎಲೆಕ್ಟ್ರಿಕ್ ಹೀಟರ್ ತಂದಿಟ್ಟು ಬಂದೆವು.

ಮರುದಿನ ಬೆಳಿಗ್ಗೆ ಒಬ್ಬಳೇ ಹೋಗಿ ಮೀಟರ್ ಹಿಡಿದು ಹಜಾರದಲ್ಲಿ ಕುಳಿತೆ. ಮಹಾಂತೇಶರು ಕಚೇರಿಗೆ ಹೋಗದೆ ಮನೆಯಿಂದಲೇ ಫೋನಿನಲ್ಲಿ ಕೆಲಸ ನಡೆಸುತ್ತಿದ್ದರು. ಹೀಟರುಗಳ ಬಿಸಿ ಎಲ್ಲ ಕಡೆಗೂ ಹರಡಲೆಂದು ಥರ್ಮೋಸ್ಟಾಟಿನಲ್ಲಿ ಯೂನಿಟ್ಟಿನ ಫ್ಯಾನ್ ಮಾತ್ರ ಓಡುವಂತೆ ಇಟ್ಟಿದ್ದರು. ಒಳಗೆ ಸ್ನಾನದ ಸದ್ದು, ಮಗುವಿನ ಅಳು, ಆಮೇಲೆ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ನನ್ನ ಕೈಯಲ್ಲಿದ್ದ ಮೀಟರಿನ ಅಂಕೆ ಕದಲಿತು. ಎಂಟು, ಹದಿನಾಲ್ಕು, ಇಪ್ಪತ್ತೊಂದು. ಏರುತ್ತಲೇ ಹೋಯಿತು. ಕಡೆಗೆ ಹೊಸ ಅಲಾರಂ ಕೂಗಿತು.

ಮಹಾಂತೇಶರು ಫೋನನ್ನು ಕುಕ್ಕಿ ಓಡಿಬಂದರು. "ನಿಮ್ಮ ಮಷೀನ್ ಕಿತ್ತಕೊಂಡು ಹೋಗ್ರಿ ಮೇಡಂ! ಸಾಕ್ ನಮಗ."

"ಒಂದು ನಿಮಿಷ. ಮಷೀನಿಗೆ ಗ್ಯಾಸ್ ಎಲ್ಲಿದೆ? ನಿನ್ನೆಯಿಂದ ಮುಚ್ಚಿದೆಯಲ್ಲ!"

ಅವರ ಸಿಟ್ಟು ಅರ್ಧಕ್ಕೇ ನಿಂತಿತು. ಬೆಂಕಿಯೇ ಇಲ್ಲದ ಯಂತ್ರ ವಿಷ ಹುಟ್ಟಿಸಲಾರದು. ಅದರ ಫ್ಯಾನ್ ಎಲ್ಲಿಂದಲೋ ವಿಷವನ್ನು ಎಳೆದು ಮನೆಗೆಲ್ಲ ಹಂಚುತ್ತಿದೆ ಎಂದಾಯಿತು. ಮೀಟರ್ ಹಿಡಿದು ಹಜಾರದುದ್ದಕ್ಕೂ ನಡೆದೆ. ಅಂಕೆ ಎಲ್ಲಕ್ಕಿಂತ ಹೆಚ್ಚಾದದ್ದು ಮುಚ್ಚಿದ ಬಾಗಿಲೊಂದರ ಮುಂದೆ. ಬಾಗಿಲ ಕೆಳಗಿನ ಸಂದಿಗೆ ಟವೆಲ್ ತುರುಕಿತ್ತು. ಅದು ಬಾಣಂತಿ ಕೋಣೆ. ಹಸುಗೂಸು, ಬಾಣಂತಿ ಮಲಗಿದ್ದಾರೆ ಎಂದಾಗ ಗ್ಯಾಸ್ ಕಂಪನಿಯವನು ಮರ್ಯಾದೆಯಿಂದ ಹಿಂದೆ ಸರಿದಿದ್ದ, ಫ್ರಾಂಕನೂ ಹಾಗೆಯೇ. ನಾನು ಬಾಗಿಲು ತಟ್ಟಿದೆ.

ಶೈಲಾರ ತಾಯಿ ನೀಲವ್ವ ಬಾಗಿಲನ್ನು ಒಂದು ಗೇಣು ತೆರೆದರು. ಬಾಣಂತನಕ್ಕೆಂದೇ ಊರಿನಿಂದ ಬಂದ ಅರವತ್ತು ದಾಟಿದ ಹೆಂಗಸು. "ನೀ ಹೆಣ್ಮಗಳು, ಒಳಗ ಬಂದ್ರ ಅಡ್ಡಿಲ್ಲ. ಲಗೂನ ಬಾ ತಂಗಿ, ಗಾಳಿ ಬರತೈತಿ."

ಹಜಾರದಲ್ಲಿ ಪೂಜೆಯದೆಂದು ನಾನು ಅಲಕ್ಷಿಸಿದ್ದ ಲೋಬಾನದ ಘಮ ಒಳಗೆ ಕಾಲಿಟ್ಟೊಡನೆ ಮುಖಕ್ಕೆ ಹೊಡೆಯಿತು. ಶೈಲಾ ಮಣೆಯ ಮೇಲೆ ಕುಳಿತು, ಬೋರಲು ಹಾಕಿದ ಬೆತ್ತದ ಬುಟ್ಟಿಯ ಮೇಲೆ ಒದ್ದೆ ಕೂದಲು ಹರಡಿದ್ದರು. ಬುಟ್ಟಿಯ ಕೆಳಗೆ ಕಬ್ಬಿಣದ ಬಾಣಲೆ, ಅದರ ತುಂಬ ನಿಗಿನಿಗಿ ಕೆಂಡ. ಹಿಂದಿನ ಮನೆಯವರು ಬಿಟ್ಟುಹೋಗಿದ್ದ ಬಾರ್ಬೆಕ್ಯೂ ಒಲೆಯಲ್ಲಿ ಇದ್ದಿಲು ಹೊತ್ತಿಸಿ ಹಿಂಬಾಗಿಲಿನಿಂದ ತಂದದ್ದು. ಕೋಣೆಯ ಗೋಡೆಯಲ್ಲೇ ರಿಟರ್ನ್ ಕಿಂಡಿಯಿತ್ತು. ನಮ್ಮ ಫ್ಯಾನ್ ಆ ಹೊಗೆಯನ್ನು ನಿಷ್ಠೆಯಿಂದ ಎಳೆದು ಮನೆಗೆಲ್ಲ ಬಡಿಸುತ್ತಿತ್ತು. ಮೀಟರ್ ನೂರು ದಾಟಿತ್ತು. ಮಗು ತೊಟ್ಟಿಲಲ್ಲಿ ಮಲಗಿತ್ತು.

"ಧೂಪಾ ಹಾಕಿದ್ ಕೂಡ್ಲೆ ಕೂಸು ಗಪ್ಪಂತ ಮಲಗತೈತಿ ನೋಡು," ಎಂದರು ನೀಲವ್ವ ಹೆಮ್ಮೆಯಿಂದ. "ಕೈಕಾಲು ಸೈತ ಆಡಸಂಗಿಲ್ಲ."

"ನಂಗಷ್ಟ ತಲಿ ಸಿಡೀತೈತ್ರಿ," ಎಂದರು ಶೈಲಾ. "ಬಾಣಂತಿಗೆ ಅದೆಲ್ಲಾ ಇದ್ದದ್ದ ಅಂತಾಳ ಅವ್ವ."

ಅದು ನಿದ್ದೆಯಲ್ಲ, ವಿಷದ ಮಂಪರು. ಮಗುವನ್ನೆತ್ತಿ ಮಹಾಂತೇಶರ ಕೈಗೆ ಕೊಟ್ಟೆ. ಅವರು ಅದಕ್ಕೆ ಕಂಬಳಿ ಸುತ್ತಿ ಹೊರಗೋಡಿದರು. ಶೈಲಾರನ್ನೂ ನೀಲವ್ವರನ್ನೂ ಹೊರಗೆ ಕಳಿಸಿ, ಕಿಟಕಿ ತೆರೆದು, ಬಾಣಲೆಯನ್ನು ಅಂಗಳಕ್ಕೆ ಸಾಗಿಸಿ, ಆಂಬುಲೆನ್ಸ್ ಕರೆಸಿದೆವು. ಆಸ್ಪತ್ರೆಯಲ್ಲಿ ತಾಯಿಗೂ ಮಗುವಿಗೂ ಆಮ್ಲಜನಕ ಕೊಟ್ಟರು. ಸಂಜೆಯ ಹೊತ್ತಿಗೆ ಮಗು ಗಂಟಲು ಹರಿಯುವಂತೆ ಅತ್ತಿತಂತೆ. ಆ ಸುದ್ದಿ ಹೇಳಲು ಫೋನ್ ಮಾಡಿದ ಮಹಾಂತೇಶರೂ ಅಳುತ್ತಿದ್ದರು. "ಕೆಂಡ ನಾನ ಹೊತ್ತಿಸಿ ಕೊಡತಿದ್ನಿ ಮೇಡಂ, ದಿನಾ. ಚಳಿ ಜಾಸ್ತಿ ಆತಂತ ಈ ಎರಡ್ ದಿನ ಇನ್ನಷ್ಟ ಹಾಕಿದ್ನಿ. ಅಂವ 'ಎನಿಥಿಂಗ್ ಬರ್ನಿಂಗ್' ಅಂದಾಗ ನನಗ ನೆನಪ ಆಗ್ಲಿಲ್ಲ. ಧೂಪ ಅಂದ್ರ ಧೂಪ ಅಲ್ರೀ. ಅದು ಉರಿಯೂದು ಅಂತ ಯಾರಿಗ್ರೀ ಅನಸ್ತೈತಿ?"

ಮಹಾಂತೇಶರು ಸುಳ್ಳು ಹೇಳಿರಲಿಲ್ಲ. ಕಂಬಸ್ಚನ್, ಅಂದರೆ ದಹನ, ಎಂಬುದನ್ನು ಅವರು ಕಾಲೇಜಿನಲ್ಲಿ ಓದಿದ್ದರು. ಬಾಣಂತನ ಎಂಬುದನ್ನು ಹುಟ್ಟಿದಾಗಿನಿಂದ ಕಂಡಿದ್ದರು. ಅವೆರಡೂ ಒಂದೇ ಬಾಣಲೆಯಲ್ಲಿವೆ ಎಂದು ಅವರಿಗೆ ಹೊಳೆಯುವ ಸಂದರ್ಭವೇ ಬಂದಿರಲಿಲ್ಲ.

ಎರಡು ದಿನ ಬಿಟ್ಟು ಮತ್ತೆ ಹೋದೆ. ಗ್ಯಾಸ್ ಮುಚ್ಚಿದ್ದಾಗಲೂ ಅಲಾರಂ ಕೂಗಿದ್ದನ್ನು ನಮ್ಮ ವರದಿಯಲ್ಲಿ ಓದಿ, ಯೂನಿಟ್ಟನ್ನು ತಾವೇ ಇನ್ನೊಮ್ಮೆ ಪರೀಕ್ಷಿಸಿ, ಗ್ಯಾಸ್ ಕಂಪನಿಯವರು ಕೆಂಪು ಚೀಟಿ ಬಿಚ್ಚಿದ್ದರು. ಮನೆ ಬೆಚ್ಚಗಿತ್ತು. ನೀಲವ್ವ ಮಾತ್ರ ಮಂಕಾಗಿ ಕುಳಿತಿದ್ದರು. ಅವೈಜ್ಞಾನಿಕ ಪದ್ಧತಿಗಳ ವಿರುದ್ಧ ಒಂದು ಚಿಕ್ಕ ಭಾಷಣವನ್ನು ನಾನು ದಾರಿಯಲ್ಲೇ ಸಿದ್ಧಪಡಿಸಿಕೊಂಡಿದ್ದೆ. ಅದರ ಮೊದಲ ವಾಕ್ಯ ಮುಗಿಯುವ ಮುನ್ನವೇ ಅವರು ಕೇಳಿದರು.

"ನಾ ಐದ್ ಹಡದೀನಿ. ಐದೂ ಬಾಣಂತನದಾಗ ನಮ್ಮವ್ವ ಕೆಂಡ ಹಾಕಿದ್ಲು. ಯಾರಿಗೂ ಏನೂ ಆಗ್ಲಿಲ್ಲ. ಇಲ್ಲಿ ಯಾಕ್ ಆತು?"

ಅದು ನಿಜವಾದ ಪ್ರಶ್ನೆಯಾಗಿತ್ತು. ಭಾಷಣ ಬದಿಗಿಟ್ಟು, "ನಿಮ್ಮನೆ ಕೋಣೆ ಹೇಗಿತ್ತಮ್ಮ?" ಎಂದೆ.

"ಮಾಳಗಿ ಮನಿ. ನೆತ್ತಿಮ್ಯಾಲ ಬೆಳಕಿಂಡಿ ಇತ್ತು. ಹೊಗಿ ಸೀದಾ ಮ್ಯಾಲ..." ಎನ್ನುತ್ತ ಅವರು ತಲೆಯೆತ್ತಿ ಬಿಳಿಯ ಸೂರನ್ನು ನೋಡಿದರು. ಬಹಳ ಹೊತ್ತು ನೋಡಿದರು. "ಇಲ್ಲಿ ಎಲ್ಲೆಲ್ಲೂ ಬಿಗದಾರ. ಡಬ್ಬಿ ಇದ್ದಂಗ ಐತಿ."

ಮೀಟರನ್ನು ಅವರ ಕೈಗೇ ಕೊಟ್ಟೆ. ಅಂಗಳದಲ್ಲಿ ಎರಡು ಇದ್ದಿಲು ಹೊತ್ತಿಸಿ ಅವುಗಳ ಬಳಿ ಹಿಡಿದರು. ಅಂಕೆ ಜಿಗಿಯುವುದನ್ನು ಮೂರು ಸಲ ನೋಡಿದರು. ಬಳಿಕ ಒಳಗೆ ಬಂದು ಸಪ್ಲೈ ಕಿಂಡಿಗೆ ಹಿಡಿದರು: ಸೊನ್ನೆ. ಅಂಗೈ ಚಾಚಿದರು. ಸೆರಗಿನ ತುದಿಯನ್ನು ನೀರಿಗದ್ದಿ ಕಿಂಡಿಯ ಮುಂದೆ ಹಿಡಿದು ಕಾದರು. ಒಣಗಿದ ಮೇಲೆ ಮಗಳನ್ನು ಕೂಗಿದರು. "ಶೈಲಾ, ನಾಳಿಂದ ಕೂದ್ಲ ಒಣಗಸಾಕ ಮಣಿ ಇಲ್ಲಿ ಹಾಕತೀನಿ. ಈ ಬೆಂಕಿ ಹೊರಗ ಕುಂತು ಒಳಗ ಕಾಸತೈತಿ. ಶಾಣ್ಯಾ ಬೆಂಕಿ ಐತಿ."

ಪ್ಯಾಕೇಜ್ ಯೂನಿಟ್ಟಿಗೆ ಇದಕ್ಕಿಂತ ಸರಿಯಾದ ವಿವರಣೆಯನ್ನು ನಾನು ಇನ್ನೂ ಕೇಳಿಲ್ಲ.

ಹೊರಡುವಾಗ ಅವರು ಬಾಗಿಲವರೆಗೂ ಬಂದರು. "ಗ್ಯಾಸಿನಂವಾ ಬಂದಾ, ನಿಮ್ಮ ಫ್ರಾಂಕ ಬಂದಾ. ಎಲ್ಲಾರೂ ಅಳಿಯಗ ಕೇಳಿದ್ರು. ಬೆಂಕಿ ಹಾಕಾಕಿ ನಾನು. ನನಗ ಒಬ್ಬರೂ ಕೇಳ್ಲಿಲ್ಲಲ್ಲ ತಂಗಿ?"

ಯಂತ್ರವನ್ನು ಸುರಕ್ಷಿತವಾಗಿ ಕೂರಿಸುವುದೆಂದರೆ ಕೊಳವೆ, ಕವಾಟ, ಅಂತರಗಳ ವಿಷಯವೆಂದು ತಿಳಿದಿದ್ದ ನನಗೆ ವೃತ್ತಿ ಅಂದು ಕಲಿಸಿದ ಪಾಠ ಇಷ್ಟೇ: ಯಂತ್ರ ಉಸಿರಾಡುವುದು ಆ ಮನೆಯ ದಿನಚರಿಯನ್ನು. ಅಂದಿನಿಂದ ಯಾವ ಮನೆಯಲ್ಲಾದರೂ ಯೂನಿಟ್ ಹೊತ್ತಿಸುವ ಮುನ್ನ, ಹಗಲಿಡೀ ಆ ಮನೆಯೊಳಗೆ ಇರುವವರು ಯಾರೆಂದು ವಿಚಾರಿಸಿ, ಬೆಳಿಗ್ಗೆಯಿಂದ ನೀವು ಮಾಡುವುದನ್ನೆಲ್ಲ ತೋರಿಸಿ ಎಂದು ಅವರನ್ನು ಕೇಳುವುದು ನನ್ನ ಪದ್ಧತಿಯಾಯಿತು. ಫ್ರಾಂಕ್ ಮೊದಮೊದಲು ಗೊಣಗಿದ. ಮರುವರ್ಷ ಎಡಿಸನ್‌ನಲ್ಲಿ ಒಬ್ಬರು ಆಂಟಿ ಸಂತೋಷದಿಂದ ನಮ್ಮನ್ನು ಗರಾಜಿಗೆ ಕರೆದೊಯ್ದು, ಷಟರ್ ಪೂರ್ತಿ ಇಳಿಸಿ, ಮನೆಗೆ ಎಣ್ಣೆಯ ವಾಸನೆ ಬರಬಾರದೆಂದು ತಾವು ಚಕ್ಕುಲಿ ಕರಿಯಲು ಇಟ್ಟುಕೊಂಡಿದ್ದ ದೊಡ್ಡ ಗ್ಯಾಸ್ ಒಲೆಯನ್ನು ಹಚ್ಚಿ ತೋರಿಸಿದರು. ಅಂದಿನಿಂದ ಅವನ ಗೊಣಗು ನಿಂತಿತು. ಈ ಮನೆಯಲ್ಲಿ ಬೇರೆ ಏನೂ ಉರಿಯುವುದಿಲ್ಲವೆಂದು ಆ ಆಂಟಿಯ ಯಜಮಾನರು ಆಗಷ್ಟೇ ನಮಗೆ ಹೇಳಿದ್ದರು.