ಮೂರನೇ ಕೂಗು

ಎಪ್ಪತ್ತರ ದಶಕದ ಕೊನೆಯಿರಬೇಕು. ಬೇಸಿಗೆ ರಜೆಗೆ ತುಮಕೂರಿನಿಂದ ಕುಣಿಗಲ್ ಕಡೆಯ ಗುಡ್ಡದೂರಿಗೆ, ಅತ್ತೆಯ ಮನೆಗೆ ಹೋಗಿದ್ದೆವು. ಕವಳೆಹಣ್ಣು ಹುಡುಕುತ್ತ ಗುಡ್ಡ ಸುತ್ತುವಾಗ ನನ್ನ ಪುಟ್ಟ ತಂಗಿ ಕಾಣೆಯಾದಳು. ಚಿರತೆ ಓಡಾಡುವ ಜಾಗ. ಅಮ್ಮ ಒಂದೊಂದು ಬಂಡೆಯ ಬಳಿಯೂ ಎರಡು ಸಲ ಕೂಗಿ, ಉತ್ತರ ಬಾರದೆ ಮುಂದಕ್ಕೆ ಓಡುತ್ತಿದ್ದಳು. ಹೊತ್ತು ಇಳಿಯುವಾಗ, ನಾವು ಆಗಲೇ ದಾಟಿಹೋಗಿದ್ದ ಬಂಡೆಯ ಹಿಂದೆ ತಂಗಿ ಸಿಕ್ಕಳು. ಕಾಲು ಉಳುಕಿಸಿಕೊಂಡು ಕೂತಿದ್ದಳು.

“ಕೂಗಿದ್ದು ಕೇಳಿಸಲಿಲ್ವೇನೇ?” ಎಂದಳು ಅಮ್ಮ.

“ಕೇಳಿಸ್ತು. ನೀನು ಎರಡೇ ಸಲ ಕರೆದೆ. ದೆವ್ವ ಎರಡೇ ಸಲ ಕರೆಯೋದಂತೆ, ಮೂರನೇ ಸಲ ಕರೆದ್ರೇನೇ ಓ ಅನ್ಬೇಕಂತೆ. ಅತ್ತೆ ಹೇಳಿದ್ರು.”

“ಜಾಣೆ ಕಣೇ ನೀನು,” ಎಂದು ಅತ್ತೆ ಅವಳ ತಲೆ ಸವರಿದರು. ಅಮ್ಮ ಆ ಕೈಯನ್ನು ತಳ್ಳಿದ್ದು ನನಗೆ ನೆನಪಿದೆ. ಹಾಗೇನೂ ಆಗಲಿಲ್ಲ ಎಂದು ಅಮ್ಮ ಇವತ್ತಿಗೂ ಹೇಳುತ್ತಾಳೆ. ಆದರೆ ಆಮೇಲೆ ನಾವು ಆ ಊರಿಗೆ ರಜೆಗೆ ಹೋಗಲಿಲ್ಲ.