ಮೆಣಸಿನ ಕೈ

ಕಲೋಚ ಎಂಬ ಊರಿನ ಕೆಂಪುಮೆಣಸಿನ ಗಿರಣಿಯಲ್ಲಿ ವೆಂದೆಲ್ ದುಡಿಯಲು ಶುರುಮಾಡಿ ಮೂವತ್ತೊಂದು ವರ್ಷವಾಗಿತ್ತು. ಅಂಗೈಯ ಗೆರೆಗಳಲ್ಲಿ, ಉಗುರಿನ ಸಂದಿಯಲ್ಲಿ ಕೆಂಪು ಕೂತುಬಿಟ್ಟಿತ್ತು. ಭಾನುವಾರ ಬಿಳಿ ಅಂಗಿ ತೊಟ್ಟು ಚರ್ಚಿಗೆ ಹೋದರೂ ಅವನ ಪಕ್ಕದಲ್ಲಿ ಕೂತವರು ಒಂದು ಸಲ ಸೀನಿಯೇ ಪ್ರಾರ್ಥನೆಗೆ ಕೈ ಜೋಡಿಸುತ್ತಿದ್ದರು. ಯಾರ ಗೋಜಿಗೂ ಹೋಗದ ಮನುಷ್ಯ. ಒಂದು ಆಸೆ ಮಾತ್ರ ಒಳಗೊಳಗೇ ಕೊರೆಯುತ್ತಿತ್ತು.

ಚಳಿಗಾಲದ ಬೇಟೆಗೆ ಅವನೂ ಹೋಗುತ್ತಿದ್ದ, ಆದರೆ ಬಂದೂಕಿನವರ ಸಾಲಿನಲ್ಲಲ್ಲ, ಕೋಲಿನವರ ಸಾಲಿನಲ್ಲಿ. ಒಣಗಿದ ಮೆಕ್ಕೆಜೋಳದ ನಡುವೆ ಕೋಲು ಬಡಿಯುತ್ತ ಫೆಸೆಂಟ್ ಹಕ್ಕಿಗಳನ್ನು ಬಂದೂಕಿನವರ ಕಡೆಗೆ ಸೋವುವುದು ಅವನ ಕೆಲಸ. ಬಂದೂಕು ಅವನಿಗೆ ಬೇಕಿರಲಿಲ್ಲ. ಬಂದೂಕಿನವರ ಕಾಲ ಬಳಿ ನಡೆಯುತ್ತಿದ್ದ ಬನ್ನಿನ ಬಣ್ಣದ ವಿಝ್ಲಾ ಜಾತಿಯ ಬೇಟೆನಾಯಿಗಳನ್ನು ಕಂಡರೆ ಅವನಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ಹಕ್ಕಿಯ ವಾಸನೆ ಸಿಕ್ಕಿದ್ದೇ ತಡ, ಮುಂಗಾಲೊಂದನ್ನು ಎತ್ತಿ, ಬಾಲ ನೀಟಾಗಿ ಚಾಚಿ, ಹಕ್ಕಿ ಇಲ್ಲಿದೆ ಎಂದು ತೋರಿಸುವಂತೆ ಅವು ಇದ್ದಲ್ಲೇ ನಿಂತುಬಿಡುತ್ತಿದ್ದವು. ಆ ನಿಲುವನ್ನು ನೋಡುವುದಕ್ಕಾಗಿಯೇ ಅವನು ವರ್ಷವರ್ಷವೂ ಕೆಸರು ತುಳಿದದ್ದು.

ಬೇಟೆ ಬಯಲಿನ ಕಾವಲುಗಾರ ಬಾರ್ನಾಬಾಶ್ ಅವನ ಶಾಲೆಯ ಗೆಳೆಯ. ಬಾರ್ನಾಬಾಶ್‌ನ ವಿಝ್ಲಾ ಹೆಣ್ಣುನಾಯಿ ಏಳು ಮರಿ ಹಾಕಿತು. ಆರಕ್ಕೆ ಗಿರಾಕಿಗಳು ಬಂದರು, ಏಳನೆಯ ಸಣಕಲು ಹೆಣ್ಣುಮರಿ ಉಳಿಯಿತು.

"ತಗೊಂಡ್ ಹೋಗು ಮಾರಾಯ, ಎಷ್ಟು ವರ್ಷ ಹಿಂಗೇ ಬೇರೆಯವರ ನಾಯಿ ನೋಡ್ತಾ ಜೊಲ್ಲು ಸುರಿಸ್ತೀಯ?" ಎಂದ ಬಾರ್ನಾಬಾಶ್. "ಆದ್ರೆ ಒಂದು ಮಾತು. ಏಪ್ರಿಲ್‌ನಲ್ಲಿ ಎಳೆನಾಯಿಗಳ ಪರೀಕ್ಷೆ ಇದೆ. ಅಲ್ಲಿ ಇವಳು ಹಕ್ಕಿಗೆ ನಿಂತರೆ ನಿನ್ನವಳು. ನಿಲ್ಲಲಿಲ್ವಾ, ವಾಪಸ್ ನನ್ನ ಮನೆಗೆ. ನಮ್ಮ ನಾಯಿಗಳೇನೂ ಒಲೆ ಮುಂದೆ ಬಿದ್ಕೊಳ್ಳೋಕೆ ಹುಟ್ಟಿದ್ದಲ್ಲ."

ಇಬ್ಬರೂ ಕೈ ಕುಲುಕಿ, ಒಂದೊಂದು ಲೋಟ ಪ್ಲಮ್ ಸಾರಾಯಿ ಏರಿಸಿದರು. ವೆಂದೆಲ್ ಮರಿಯನ್ನು ಕೋಟಿನೊಳಗೆ ಹಾಕಿಕೊಂಡು ಮನೆಗೆ ಬಂದ. ಅವನ ಹೆಂಡತಿ ಎಟೆಲ್ಕ ಅದರ ಮೈಬಣ್ಣ ನೋಡಿ ಝೆಮ್ಲೆ ಎಂದು ಹೆಸರಿಟ್ಟಳು. ಅಂದರೆ ಬನ್ನು. ವಾರ ಕಳೆಯುವಷ್ಟರಲ್ಲಿ, ನಾಯಿ ಅಡುಗೆಮನೆಗೆ ಕಾಲಿಡಕೂಡದು ಎಂದಿದ್ದವಳೇ ಒಲೆಯ ಪಕ್ಕ ಹಳೇ ಕಂಬಳಿ ಹಾಸಿದಳು.

ಚಳಿಗಾಲವಿಡೀ ವೆಂದೆಲ್ ಅದಕ್ಕೆ ಕೂರುವುದು, ಸಿಳ್ಳೆಗೆ ಓಡಿಬರುವುದು, ಅನ್ನದ ತಟ್ಟೆಯ ಮುಂದೆ ಅಪ್ಪಣೆ ಸಿಗುವವರೆಗೆ ಕಾಯುವುದು ಇವನ್ನೆಲ್ಲ ಕಲಿಸಿದ. ಮಾರ್ಚ್ ಬಂದಾಗ ಸಂತೆಯಿಂದ ಆರು ಗೌಜಲಕ್ಕಿ ತಂದ. ಗಿರಣಿಯಿಂದ ಬಂದವನೇ ಒಂದನ್ನು ಪುಟ್ಟ ತಂತಿಪಂಜರಕ್ಕೆ ಹಾಕಿ, ಊರಾಚೆಯ ಕುದುರೆಮಸಾಲೆ ಮೇವಿನ ಹೊಲದಲ್ಲಿ ಬಚ್ಚಿಟ್ಟು, ಆಮೇಲೆ ಉದ್ದನೆಯ ಹಗ್ಗ ಕಟ್ಟಿ ಝೆಮ್ಲೆಯನ್ನು ಬಿಡುತ್ತಿದ್ದ. ಎರಡನೆಯ ದಿನವೇ ಅದು ಪಂಜರಕ್ಕೆ ಹದಿನೈದು ಹೆಜ್ಜೆ ಇರುವಾಗಲೇ ಕಾಲೆತ್ತಿ ನಿಂತಿತು. "ನಿಧಾನ ಮಗಳೇ, ನಿಧಾನ" ಎನ್ನುತ್ತ ಅವನು ಹಗ್ಗ ಹಿಡಿದು ಹತ್ತಿರ ಹೋದ. ಮೂತಿ ಕೂಡ ಅಲುಗಲಿಲ್ಲ. ವಾರ ಕಳೆಯುವಷ್ಟರಲ್ಲಿ ಇಪ್ಪತ್ತು ಹೆಜ್ಜೆ, ಮತ್ತೊಂದು ವಾರಕ್ಕೆ ಮೂವತ್ತು. ಊರಿನ ಗಂಡಸರು ಸಂಜೆ ಬೇಲಿಗೊರಗಿ ನೋಡತೊಡಗಿದರು. ಐವತ್ತೆಂಟನೆಯ ವಯಸ್ಸಿನಲ್ಲಿ ವೆಂದೆಲ್ ಎದೆ ಸೆಟೆಸಿ ನಡೆಯುವುದನ್ನು ಕಲಿತ. ಆ ಸಂತೋಷ ಸ್ವಲ್ಪ ಜಾಸ್ತಿಯೇ ಆಯಿತೆಂದು ನನಗನಿಸುತ್ತದೆ, ಆದರೆ ಅಷ್ಟು ವರ್ಷ ಕಾದವನನ್ನು ಬೈಯಲು ಬಾಯಿ ಬರುವುದಿಲ್ಲ.

ಪರೀಕ್ಷೆಗೆ ಇನ್ನು ಮೂರು ವಾರ. ಅಂದು ಗೌಜಲಕ್ಕಿ ಇಡದೆ ಸುಮ್ಮನೆ ತಿರುಗಾಡಿಸಲು ಕರೆದೊಯ್ದಿದ್ದ. ಪಕ್ಕದ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸುವ ಹುಡುಗ ಫ್ಲೋರಿ ಉಳುತ್ತಿದ್ದ. ಬದುವಿನ ಹತ್ತಿರ ಝೆಮ್ಲೆ ಥಟ್ಟನೆ ನಿಂತಿತು. ಕಾಲು ಮೇಲೆ, ಬಾಲ ನೇರ. ವೆಂದೆಲ್ ಉಸಿರು ಬಿಗಿಹಿಡಿದು ಹುಲ್ಲು ಸರಿಸಿದ. ಹಕ್ಕಿಯಿಲ್ಲ, ಒಂದು ಬಟ್ಟೆಯ ಚೀಲ.

"ವೆಂದೆಲ್ ಬಾಚಿ, ಅದು ನನ್ನ ಊಟ!" ಫ್ಲೋರಿ ಟ್ರ್ಯಾಕ್ಟರ್ ಮೇಲಿಂದಲೇ ಕೂಗಿದ. "ಮೆಣಸಿನ ಸಾಸೇಜು! ಅದಕ್ಕೆ ರೆಕ್ಕೆ ಇಲ್ಲ ಬಾಚಿ, ಹಾರಲ್ಲ!"

ಊರಿನಲ್ಲಿ ಹಿರಿಯ ಗಂಡಸರನ್ನು ಎಲ್ಲರೂ ಬಾಚಿ ಎಂದೇ ಕರೆಯುವುದು. ಆ ಮರ್ಯಾದೆಯ ಹಿಂದೆಯೇ ಫ್ಲೋರಿಯ ನಗು ಹೊಲವಿಡೀ ಕೇಳಿತು. ವೆಂದೆಲ್ ನಗಲಿಲ್ಲ. ಹಸಿದ ನಾಯಿಯಾದರೆ ಚೀಲಕ್ಕೆ ಬಾಯಿ ಹಾಕಬೇಕಿತ್ತು. ಇದು ಬಾಯಿ ಹಾಕಿರಲಿಲ್ಲ, ನಿಂತು ಕಾಯುತ್ತಿತ್ತು, ಶಭಾಷ್ ಎನ್ನಲಿ ಎಂದು. ವೆಂದೆಲ್ ಚೀಲವನ್ನು ಮೂಸಿದ, ಆಮೇಲೆ ತನ್ನ ಅಂಗೈಯನ್ನು ಮೂಸಿದ.

ಅಂದೇ ಸಂಜೆ ಹಕ್ಕಿಯನ್ನೇ ಹಾಕದ, ತೊಳೆದು ಒಣಗಿಸಿದ ಬರೀ ಪಂಜರವನ್ನು ಹುಲ್ಲಿನಲ್ಲಿಟ್ಟ. ಝೆಮ್ಲೆ ಅದಕ್ಕೆ ಮೂವತ್ತು ಹೆಜ್ಜೆಯಿಂದ ನಿಂತಿತು. ಆಮೇಲೆ ಫ್ಲೋರಿಯ ಕೈಯಲ್ಲಿ ಹೊಸದೊಂದು ಪಂಜರಕ್ಕೆ ಗೌಜಲಕ್ಕಿ ಹಾಕಿಸಿ ಇಡಿಸಿದ. ಝೆಮ್ಲೆ ಅದರ ಮೇಲೆ ಹಾರಿ ಮುಂದೆ ಓಡಿತು, ಹಿಂತಿರುಗಿ ಕೂಡ ನೋಡಲಿಲ್ಲ.

ಇಷ್ಟು ದಿನ ಅದು ನಿಂತದ್ದು ಹಕ್ಕಿಗಲ್ಲ, ವೆಂದೆಲ್‌ನ ಕೈಗೆ.

ಸಾಬೂನು, ಬೂದಿ, ವಿನೆಗರ್, ಮಜ್ಜಿಗೆ, ಯಾರು ಏನು ಹೇಳಿದರೂ ಅದನ್ನು ಹಚ್ಚಿ ಉಜ್ಜಿದ.

"ಕೈ ತೊಳೀತಿದ್ದೀಯೋ, ಚರ್ಮ ಸುಲೀತಿದ್ದೀಯೋ?" ಎಂದಳು ಎಟೆಲ್ಕ.

"ಇನ್ಮೇಲೆ ಹಕ್ಕಿ ನೀನಿಡು."

"ನಾನಾ? ಇಷ್ಟು ವರ್ಷ ನಿನಗೆ ಮೆಣಸು ಸುರಿದು ಮೀನಿನ ಸಾರು ಮಾಡಿದ ಕೈ ಇದು. ಹಕ್ಕಿ ಬದಲು ನನ್ನ ಮುಂದೆ ಬಂದು ನಿಲ್ತಾಳೆ, ಅಷ್ಟೇ."

ಹಾಗಾಗಿ ಉಳಿದ ದಿನಗಳಲ್ಲಿ ಅವನು ಏನನ್ನೂ ಮುಟ್ಟದೆ, ಏನನ್ನೂ ಬಚ್ಚಿಡದೆ, ಬೆಳಗಾಗುತ್ತಲೇ ಕಾಡು ಫೆಸೆಂಟ್‌ಗಳಿರುವ ಬಯಲಿಗೆ ನಾಯಿಯನ್ನು ಕರೆದೊಯ್ದ. ಝೆಮ್ಲೆ ಒಂದು ಸುತ್ತು ಓಡುವುದು, ಬಂದು ಅವನ ಮುಖ ನೋಡುವುದು, ಎಲ್ಲಿಟ್ಟಿದ್ದೀಯ ಎಂದು ಕೇಳುವ ಹಾಗೆ. ಕಾಲಬುಡದಿಂದ ಹೆಣ್ಣುಹಕ್ಕಿ ಭರ್ರನೆ ಹಾರಿದರೂ, ತಾನು ಹತ್ತಬೇಕಿಲ್ಲದ ಬಸ್ಸನ್ನು ನೋಡುವಂತೆ ನೋಡುವುದು. ಪರೀಕ್ಷೆಗೆ ನಾಲ್ಕು ದಿನವಿರುವಾಗ ಮಾತ್ರ ಒಂದು ಪೊದೆಯ ಮುಂದೆ ಅದರ ನಡಿಗೆ ನಿಧಾನವಾಯಿತು, ಬೆನ್ನು ಬಿಗಿಯಿತು. ಒಂದೇ ಕ್ಷಣ, ಮತ್ತೆ ಓಡಿತು. ಅದರ ಹಿಂದೆಯೇ ಆ ಪೊದೆಯಿಂದ ನಿಜವಾಗಿಯೂ ಒಂದು ಹಕ್ಕಿ ಹಾರಿತು. ವೆಂದೆಲ್ ಅಷ್ಟನ್ನೇ ನಂಬಿಕೊಂಡು ಪರೀಕ್ಷೆಗೆ ಹೋದ.

ಪರೀಕ್ಷೆಯ ಬಯಲಿನಲ್ಲಿ ಹನ್ನೊಂದು ನಾಯಿಗಳಿದ್ದವು. ತೀರ್ಪು ಹೇಳುವವಳು ಬಾಯಾ ಪಟ್ಟಣದ ಕಡೆಯ ಒಬ್ಬ ಗಟ್ಟಿ ಹೆಂಗಸು, ಮೊಣಕಾಲವರೆಗೆ ರಬ್ಬರ್ ಬೂಟು. ಝೆಮ್ಲೆ ಬಯಲಿನ ಅಗಲಕ್ಕೂ ಸೊಗಸಾಗಿ ಓಡಿತು. ಒಂದು ಫೆಸೆಂಟ್ ಹುಂಜ ಅದರ ಪಕ್ಕದಲ್ಲೇ ಅರಚಿಕೊಂಡು ಎದ್ದಿತು. ಝೆಮ್ಲೆ ಕಿವಿಯನ್ನೂ ನಿಮಿರಿಸಲಿಲ್ಲ. ಆಕೆ ಎರಡನೆಯ ಅವಕಾಶ ಕೊಟ್ಟಳು, ಮೂರನೆಯದನ್ನೂ ಕೊಟ್ಟಳು. ಮೂರನೆಯ ಸಲ ಝೆಮ್ಲೆ ಓಡಿಬಂದು ವೆಂದೆಲ್‌ನ ಅಂಗೈಗೆ ಮೂತಿ ಒತ್ತಿ ಕೂತುಬಿಟ್ಟಿತು.

"ಓಟ ಚೆನ್ನಾಗಿದೆ, ಮೂಗೂ ಇದೆ. ನಿಲುವೇ ಇಲ್ಲ. ಏನು ಕಲಿಸಿದ್ರಿ ಇದಕ್ಕೆ?" ಆಕೆ ಕೇಳಿದಳು.

"ನನ್ನ ಕೈ ಹುಡುಕೋದನ್ನ ಕಲಿಸಿದೆ, ಮೇಡಂ."

ಆಕೆ ನಗಲಿಲ್ಲ. ಕಾಗದದ ಮೇಲೆ ಸೊನ್ನೆ ಬರೆದಳು.

ಬಾರ್ನಾಬಾಶ್ ದೂರದಲ್ಲಿ ಬೂಟಿನ ಕೆಸರು ಕೆರೆಯುತ್ತ ನಿಂತಿದ್ದ. ವೆಂದೆಲ್ ಬೇಡಿಕೊಂಡಿದ್ದರೆ ಅವನು ಇನ್ನೊಂದು ಅವಕಾಶ ಕೊಡುತ್ತಿದ್ದನೇನೋ. ವೆಂದೆಲ್ ಬೇಡಲಿಲ್ಲ, ನೆಟ್ಟಗೆ ಹೋಗಿ ಹಗ್ಗವನ್ನು ಅವನ ಕೈಗಿಟ್ಟ. "ಸಾರು ಆರಿಸಿ ಹಾಕು. ಬಿಸಿ ತಿನ್ನಲ್ಲ" ಎಂದಷ್ಟೇ ಹೇಳಿ ಬಸ್ಸು ಹತ್ತಿದ.

ಮೆಣಸಿನ ಗಿರಣಿಯಲ್ಲಿ ಕಣ್ಣಿಂದ ನೀರು ಸುರಿದರೆ ಯಾರೂ ಕಾರಣ ಕೇಳುವುದಿಲ್ಲ. ಆ ಬೇಸಗೆ ಅವನಿಗೆ ಅದರಿಂದ ಉಪಕಾರವಾಯಿತು. ಒಲೆಯ ಪಕ್ಕದ ಕಂಬಳಿಯನ್ನು ಎಟೆಲ್ಕ ಒಗೆದಳು, ಎತ್ತಿಡಲಿಲ್ಲ, ಮತ್ತೆ ಅಲ್ಲೇ ಹಾಸಿದಳು. ಸೆಪ್ಟೆಂಬರ್‌ನಲ್ಲಿ ಫ್ಲೋರಿ ಸುದ್ದಿ ತಂದ: ಬಾರ್ನಾಬಾಶ್ ತಿದ್ದಿ ತೀಡಿ ಝೆಮ್ಲೆಯನ್ನು ಶರತ್ಕಾಲದ ಪರೀಕ್ಷೆಗೆ ಒಯ್ದಿದ್ದನಂತೆ, ನಿಲುವಿಗೆ ಪೂರ್ತಿ ಅಂಕವಂತೆ. "ಒಳ್ಳೇದಾಯ್ತು" ಎಂದ ವೆಂದೆಲ್. ಸಂತೋಷವೂ ಆಯಿತು, ಸಂಕಟವೂ ಆಯಿತು.

ನವೆಂಬರ್‌ನ ಮೊದಲ ಬೇಟೆಗೆ ಅವನು ಎಂದಿನಂತೆ ಕೋಲು ಹಿಡಿದು ಹೋದ. ಗಾಳಿ ಕೋಲಿನವರ ಬೆನ್ನಿನಿಂದ ಬಂದೂಕಿನವರ ಕಡೆಗೆ ಬೀಸುತ್ತಿತ್ತು. ಮೆಕ್ಕೆಜೋಳದ ಸಾಲು ಮುಗಿಯಲು ಇನ್ನು ಸ್ವಲ್ಪವೇ ಇತ್ತು, ಆಚೆಯಿಂದ ಬಾರ್ನಾಬಾಶ್‌ನ ದನಿ ಕೇಳಿತು.

"ನಿಂತಿದ್ದಾಳೆ! ಎಲ್ರೂ ತಯಾರಾಗಿ!"

ವೆಂದೆಲ್ ತನ್ನ ಕಾಲಬುಡದಲ್ಲಿ ಹಕ್ಕಿಗಾಗಿ ಕಣ್ಣಾಡಿಸಿದ. ಹಕ್ಕಿ ಇರಲಿಲ್ಲ. "ಕೋಲಿನವ ಬರ್ತಿದ್ದೀನಿ!" ಎಂದು ಕೂಗಿ ದಂಟುಗಳನ್ನು ಸರಿಸಿದ. ಬಂದೂಕುಗಳೆಲ್ಲ ಆಕಾಶದ ಕಡೆಗೆ ಎದ್ದವು. ಹತ್ತು ಹೆಜ್ಜೆ ಎದುರಿಗೆ ಝೆಮ್ಲೆ. ಕಾಲು ಮೇಲೆ, ಬಾಲ ನೇರ, ಮೂತಿ ಅವನ ಕಡೆಗೆ.

ಬಂದೂಕಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಬಾರ್ನಾಬಾಶ್, ಈ ಹುಂಜ ಬೇಯೋಕೆ ಬಹಳ ಹೊತ್ತಾಗುತ್ತೆ!" ಎಂದನೊಬ್ಬ. ನಾಯಿ ಮಾತ್ರ ಅಲುಗಲಿಲ್ಲ, ಅದರ ತೊಡೆಗಳು ನಡುಗುತ್ತಿದ್ದವು.

"ನಿಧಾನ ಮಗಳೇ" ಎಂದ ವೆಂದೆಲ್. ಅವನು ಹತ್ತಿರ ಬಂದು ಅಂಗೈ ಚಾಚಿದ ಮೇಲೆಯೇ ಅದು ಕಾಲು ಕೆಳಗಿಟ್ಟದ್ದು.

ಬಾರ್ನಾಬಾಶ್‌ನ ಮುಖ ಕೆಂಪಾಗಿತ್ತು. "ಬೇಸಗೆಯಿಂದ ಎಷ್ಟೋ ಹಕ್ಕಿ ತೋರಿಸಿದ್ದಾಳೆ. ಒಂದಕ್ಕೂ ಇಷ್ಟು ಚೆನ್ನಾಗಿ ನಿಂತಿಲ್ಲ" ಎಂದು ಗೊಣಗುತ್ತ ತನ್ನ ಕೊರಳಿಗೆ ಹಾಕಿಕೊಂಡಿದ್ದ ನಾಯಿಯ ಹಗ್ಗ ತೆಗೆದು ವೆಂದೆಲ್‌ನ ಹೆಗಲ ಮೇಲೆ ಎಸೆದ. "ಮುಂದಿನ ಶನಿವಾರ ಇವಳನ್ನ ಕರ್ಕೊಂಡು ಬಾ. ಕೋಲು ಮನೇಲಿಟ್ಟು ನಮ್ಮ ಸಾಲಲ್ಲಿ ನಡಿ."

"ಏಪ್ರಿಲ್‌ನಲ್ಲಿ ನಾವು ಫೇಲಾದ್ವಲ್ಲ ಮಾರಾಯ. ಮಾತು ಆಗಿತ್ತು."

"ಫೇಲಾಗಿದ್ದು ನೀನು. ಅವಳಲ್ಲ."

ಸಂಜೆ ವೆಂದೆಲ್ ಮತ್ತು ನಾಯಿ ಇಬ್ಬರೂ ಕೆಸರಾಗಿ ಮನೆ ಸೇರಿದರು. ಝೆಮ್ಲೆ ಯಾರನ್ನೂ ಕೇಳದೆ ಒಲೆಯ ಪಕ್ಕದ ಕಂಬಳಿಗೆ ಹೋಗಿ ಮಲಗಿತು. ಎಟೆಲ್ಕ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡು ಸಾರು ಬಡಿಸಿದಳು.

"ಕೈ ತೊಳ್ಕೊಂಡು ಬಾ, ಆರಿಹೋಗುತ್ತೆ."

"ಇವತ್ತು ಬೇಡ" ಎಂದು ವೆಂದೆಲ್ ಹಾಗೆಯೇ ಊಟಕ್ಕೆ ಕೂತ.